ಅಜ್ಜನ ಸೇನಾ ಸೇವೆ: ಪಿಂಚಣಿ ಪುಸ್ತಕದ ಒಂದು ಹಾಳೆ ಇದೆ, ಮುಂದೆ ಎಲ್ಲಿ ಹುಡುಕಬೇಕು?

ಬಾಳೆಲೆ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಅಜ್ಜನ ಸೇನಾ ಸೇವೆಯ ವಿವರ ತೆಗೆಸಬೇಕಿದೆ. ಕೈಯಲ್ಲಿರುವುದು ಇಷ್ಟು: ಪಿಂಚಣಿ ಪುಸ್ತಕದ ಹರಿದ ಒಂದು ಹಾಳೆ, ಅದರ ಮೇಲೆ ಮರ್ಕೇರಾ (ಈಗಿನ ಮಡಿಕೇರಿ) ಟ್ರೆಜರಿಯ 1955ರ ಮೊಹರು, ತಿಂಗಳ ಮೊತ್ತದ ಜಾಗದಲ್ಲಿ 17-8-0 ಎಂಬ ಬರಹ. ಪಿಂಚಣಿಯ ಬಗೆ ಬರೆದ ಸಾಲಿನಲ್ಲಿ 'ಸರ್ವಿಸ್' ಎಂಬುದಷ್ಟೇ ಓದಲು ಬರುತ್ತದೆ, ಉಳಿದದ್ದು ಮಡಿಕೆಯಲ್ಲಿ ಸವೆದಿದೆ. ಜೊತೆಗೆ ದುಂಡನೆಯ ಒಂದು ಪದಕ, ಸಮವಸ್ತ್ರದ ಒಂದು ಫೋಟೋ. ಮನೆಯವರೆಲ್ಲ 'ಕೂರ್ಗ್ ರೆಜಿಮೆಂಟ್' ಎನ್ನುತ್ತಾರೆ. ಹೆಸರು ಹಾಕಿ ಹುಡುಕಿದರೆ ಎಲ್ಲಿಯೂ ಸಿಗುತ್ತಿಲ್ಲ. ಮೊದಲು ಯಾರಿಗೆ ಬರೆಯಬೇಕು?

ಹಳೇಕಡತ:
ಈಗಲೇ ಯಾರಿಗೂ ಬರೆಯಬೇಡಿ ಸರ್. ಹೆಸರು ಹಿಡಿದು ಹುಡುಕುವುದನ್ನೂ ಬಿಡಿ. ಸೇನೆಯ ದಾಖಲೆ ತೆರೆಯುವುದು ಎರಡು ಕೀಲಿಯಿಂದ: ಸೇವಾ ಸಂಖ್ಯೆ ಮತ್ತು ದಳ. ಹೆಸರು ಅವೆರಡನ್ನು ತಾಳೆ ನೋಡಲು ಮಾತ್ರ.

ಆ ಹಾಳೆಯಲ್ಲಿ ಕನಿಷ್ಠ ಮೂರು ಸಂಖ್ಯೆ ಇರುತ್ತವೆ, ಜನ ಅವುಗಳನ್ನೇ ಗೊಂದಲ ಮಾಡಿಕೊಳ್ಳುವುದು. ಪಿಂಚಣಿ ಪಾವತಿ ಆದೇಶದ ಸಂಖ್ಯೆ, ಅಂದರೆ ಪಿ.ಪಿ.ಒ. ನಂಬರ್, ಒಂದು. ಖಜಾನೆಯವರು ತಮ್ಮ ರಿಜಿಸ್ಟರಿಗಾಗಿ ಬರೆದುಕೊಂಡ ಸಂಖ್ಯೆ ಇನ್ನೊಂದು. ಅದು ಸಾಮಾನ್ಯವಾಗಿ ಕೈಬರಹದಲ್ಲಿ ಮೂಲೆಯಲ್ಲಿರುತ್ತದೆ, ಮಡಿಕೇರಿಯಿಂದಾಚೆ ಅದಕ್ಕೆ ಬೆಲೆ ಇಲ್ಲ. ಮೂರನೆಯದು ಹೆಸರಿನ ಪಕ್ಕ, ರ‍್ಯಾಂಕಿಗೆ ಹೊಂದಿಕೊಂಡು ಬರುವ ಸೇವಾ ಸಂಖ್ಯೆ. ನಿಮಗೆ ಬೇಕಾದ್ದು ಮೂರನೆಯದು. ಅದು ಸಿಗದಿದ್ದರೆ ಮಾತ್ರ ಮೊದಲನೆಯದು.

17-8-0 ಎಂದರೆ ಹದಿನೇಳು ರೂಪಾಯಿ ಎಂಟಾಣೆ. ಆಣೆ ಲೆಕ್ಕ ಇದ್ದದ್ದು 1957ರ ಏಪ್ರಿಲ್ 1ರವರೆಗೆ. ನಿಮ್ಮ ಹಾಳೆಗೆ ಮೊಹರು ಇದೆ ಸರಿ. ಮೊಹರು ಅಳಿಸಿಹೋದ ಹಾಳೆ ಇರುವವರು ಇದನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. ವಿಳಾಸದಲ್ಲಿ ಬರೀ 'ಕೂರ್ಗ್' ಇದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು, ಆಗ ಕೊಡಗು ಬೇರೆ ರಾಜ್ಯ. 'ಕೂರ್ಗ್ ಡಿಸ್ಟ್ರಿಕ್ಟ್, ಮೈಸೂರ್ ಸ್ಟೇಟ್' ಎಂದಿದ್ದರೆ ಅದರ ನಂತರ. ಜಮಾದಾರ್ ಎಂಬ ರ‍್ಯಾಂಕ್ ಕಂಡರೆ 1965ಕ್ಕಿಂತ ಮೊದಲು, ಆಮೇಲೆ ಅದೇ ನಾಯಬ್ ಸುಬೇದಾರ್ ಆಯಿತು.

ಫೈರಿಂಗ್‌ಪಿನ್:
ಹಳೇಕಡತ ಸರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಸಿಪಾಯಿ ದರ್ಜೆಯವರಿಗೆ ಸರ್ವಿಸ್ ಪೆನ್ಷನ್ ಸಿಗಲು 15 ವರ್ಷ ಸೇವೆ ಬೇಕು. 1955ರಲ್ಲೇ ಪಿಂಚಣಿ ಎಣಿಸುತ್ತಿದ್ದರೆ ಅಜ್ಜ ಸೇರಿದ್ದು 1940ಕ್ಕೂ ಹಿಂದೆ ಎಂದಾಗಬೇಕು. ಆದರೆ ಎರಡನೇ ಮಹಾಯುದ್ಧದ ಕೂರ್ಗ್ ಬೆಟಾಲಿಯನ್ ಕಟ್ಟಿದ್ದೇ 1942ರಲ್ಲಿ. ಹಾಗಾಗಿ ಎರಡರಲ್ಲಿ ಒಂದು: ಮೊದಲು ಬೇರೆ ದಳದಲ್ಲಿದ್ದು ಇಲ್ಲಿಗೆ ಬಂದವರು, ಇಲ್ಲವೇ ಅದು ಸರ್ವಿಸ್ ಪೆನ್ಷನ್ನೇ ಅಲ್ಲ. ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಭಾಗ ಇರುತ್ತದೆ, ಸರ್ವಿಸ್ ಎಲಿಮೆಂಟ್ ಮತ್ತು ಡಿಸೆಬಿಲಿಟಿ ಎಲಿಮೆಂಟ್. ಅದಕ್ಕೆ 15 ವರ್ಷದ ಕಟ್ಟು ಇಲ್ಲ. ನಿಮ್ಮ ಹಾಳೆಯಲ್ಲಿ 'ಸರ್ವಿಸ್' ಆದಮೇಲೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಕ್ಕಬ್ಬೆ ಜೇನು:
ಮಡಿಕೆ ಓದಲು: ಹಾಳೆಯನ್ನು ಬಲವಂತವಾಗಿ ಬಿಡಿಸಿ ಒತ್ತಬೇಡಿ, ನಾರು ಮುರಿದರೆ ಆ ಸಾಲು ಹೋದಂತೆಯೇ. ಕತ್ತಲೆ ಕೋಣೆಯಲ್ಲಿ ಮೇಜಿನ ಮೇಲಿಟ್ಟು ಟಾರ್ಚನ್ನು ಹಾಳೆಯ ಮಟ್ಟಕ್ಕೇ ಮಲಗಿಸಿ ಬೆಳಕು ಬಿಡಿ. ಟೈಪ್‌ರೈಟರ್ ಅಕ್ಷರ ಕಾಗದವನ್ನು ಒತ್ತಿ ಕುಳಿ ಮಾಡಿರುತ್ತದೆ. ಶಾಯಿ ಹೋದರೂ ಕುಳಿ ನೆರಳು ಬೀಳುತ್ತದೆ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆದು ಹಿಗ್ಗಿಸಿ ನೋಡಿ. ಇನ್ನೊಂದು ಮುಖ್ಯ ಮಾತು, ನೇರಳೆ ಬಣ್ಣದ ಬರಹ ಇದ್ದರೆ ಒದ್ದೆ ಬಟ್ಟೆ ಹತ್ತಿರವೂ ತರಬೇಡಿ. ಅದು ಹಳೇ ಕಾಲದ ಕಾಪಿಯಿಂಗ್ ಪೆನ್ಸಿಲ್, ನೀರು ತಗುಲಿದ ಕೂಡಲೇ ಮಸಿಯಾಗಿ ಹರಡುತ್ತದೆ. ನಮ್ಮ ಮಳೆಗಾಲದ ತೇವಕ್ಕೇ ಎಷ್ಟೋ ಹಾಳೆಗಳು ಹೀಗೆ ನೇರಳೆ ಕಲೆಯಾಗಿ ಕೂತಿವೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಬಾಳೆಲೆ ಮೊಮ್ಮಗ:
ಸಂಜೆ ನೋಡಿ ಹೇಳುತ್ತೇನೆ. ಪದಕದ ಮೇಲೆ ಮೂರು ಸಿಂಹ ಇದೆ. ಹೊಳಪು ಬರಲೆಂದು ಹುಣಸೆಹಣ್ಣು ಹಾಕಿ ಉಜ್ಜಬಹುದೇ?

ಕಕ್ಕಬ್ಬೆ ಜೇನು:
ಬೇಡ! ಹುಣಸೆಹಣ್ಣು, ಬೂದಿ, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ನಿಮಗೆ ಬೇಕಾದ್ದು ಪದಕದ ಮುಖವಲ್ಲ, ಅಂಚು. ಸಂಖ್ಯೆ, ರ‍್ಯಾಂಕ್, ಹೆಸರು, ದಳ ಎಲ್ಲವನ್ನೂ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಮನೆಗಳಲ್ಲಿ ಕೈಲ್‌ಪೊಳ್ದಿಗೆ, ಅಂದರೆ ನಮ್ಮ ಆಯುಧಪೂಜೆಯ ಹಬ್ಬಕ್ಕೆ, ಕೋವಿಯ ಜೊತೆ ಪದಕವನ್ನೂ ತಿಕ್ಕಿ ತಿಕ್ಕಿ ಆ ಅಕ್ಷರಗಳು ಸವೆದಿರುತ್ತವೆ. ತೆಳು ಕಾಗದವನ್ನು ಅಂಚಿಗೆ ಸುತ್ತಿ ಮೆತ್ತನೆಯ ಪೆನ್ಸಿಲ್ ಅಡ್ಡ ಹಿಡಿದು ತೀಡಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಪೆನ್ಸಿಲ್ ಚೂಪಾಗಿರಬಾರದು.

ಮೂರು ಸಿಂಹ, ಹಿಂಬದಿಯಲ್ಲಿ ಅಶೋಕ ಚಕ್ರ ಮತ್ತು ಕಿರೀಟ ಇದ್ದರೆ ಅದು 1947ರ ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್. ರಿಬ್ಬನ್ನು ಕೇಸರಿ, ಬಿಳಿ, ಹಸಿರು. ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್, ಸಿಂಹವೊಂದು ಡ್ರ್ಯಾಗನ್ ಮೇಲೆ ನಿಂತಿದ್ದರೆ 1939-45ರ ವಾರ್ ಮೆಡಲ್. ಕುದುರೆ ಸವಾರನಿದ್ದು ಐದನೇ ಜಾರ್ಜ್ ಮುಖ ಇದ್ದರೆ ಮೊದಲ ಮಹಾಯುದ್ಧದ್ದು. ಅದರಲ್ಲಿ ಬೆಳ್ಳಿಯದು ಸೈನಿಕರಿಗೆ, ಕಂಚಿನದು ಜೊತೆಗಿದ್ದ ಕೂಲಿ ದಳದವರಿಗೆ.

ಹಳೇಕಡತ:
ಅಂಚಿನಲ್ಲಿ ದಳದ ಹೆಸರು ಸವೆದಿದ್ದರೂ ರ‍್ಯಾಂಕ್ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಜಿ.ಎನ್.ಆರ್. ಎಂದರೆ ಗನ್ನರ್, ತೋಪುಪಡೆ. ದಾಖಲೆ ನಾಸಿಕ್ ರೋಡ್ ಕ್ಯಾಂಪಿನ ಆರ್ಟಿಲರಿ ರೆಕಾರ್ಡ್ಸ್‌ನಲ್ಲಿ. ಎಸ್.ಪಿ.ಆರ್. ಎಂದರೆ ಸ್ಯಾಪರ್, ಎಂಜಿನಿಯರ್ ಪಡೆ; ನಮ್ಮ ಕಡೆಯವರಾದರೆ ಬಹುಪಾಲು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಎಂ.ಇ.ಜಿ. ಸಿಗ್ನಲ್‌ಮನ್ ಆದರೆ ಜಬಲ್ಪುರ. ಕ್ರಾಫ್ಟ್ಸ್‌ಮನ್ ಆದರೆ ಇ.ಎಂ.ಇ. (ಯಂತ್ರ ದುರಸ್ತಿ ದಳ), ಸಿಕಂದರಾಬಾದ್. ಬರೀ ಸಿಪಾಯಿ ಎಂದಿದ್ದರೆ ಮಾತ್ರ ತಾಪತ್ರಯ, ಕಾಲಾಳು ಪಡೆಯೂ ಇರಬಹುದು, ಎ.ಎಸ್.ಸಿ.ಯೂ (ಸರಬರಾಜು ದಳ) ಇರಬಹುದು. ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ವೈದ್ಯಕೀಯ ದಳವಾದರೆ ಲಖನೌ, ಮಿಲಿಟರಿ ಪೊಲೀಸ್ ಮತ್ತು ಪಯೊನಿಯರ್ ಕೋರ್ ಎರಡೂ ಬೆಂಗಳೂರು. ಸ್ವಾತಂತ್ರ್ಯಾನಂತರದ ಏಳಂಕಿಯ ಸಂಖ್ಯೆ 25ರಿಂದ ಶುರುವಾದರೆ ಮದ್ರಾಸ್ ರೆಜಿಮೆಂಟ್, 27 ಆದರೆ ಮರಾಠಾ ಲೈಟ್ ಇನ್‌ಫೆಂಟ್ರಿ, ಬೆಳಗಾವಿ.

ಹಳೇ ಸಂಕ್ಷೇಪಗಳಿಗೆ ಹೆದರಬೇಡಿ. ಆರ್.ಐ.ಎ. ಎಂದರೆ ರಾಯಲ್ ಇಂಡಿಯನ್ ಆರ್ಟಿಲರಿ, ಆರ್.ಐ.ಎ.ಎಸ್.ಸಿ. ಎಂದರೆ ಇಂದಿನ ಎ.ಎಸ್.ಸಿ., ಐ.ಎ.ಒ.ಸಿ. ಎಂದರೆ ಇಂದಿನ ಎ.ಒ.ಸಿ. (ಶಸ್ತ್ರಾಸ್ತ್ರ ದಾಸ್ತಾನು ದಳ). 'ರಾಯಲ್' ಹೋದದ್ದು 1950ರ ಜನವರಿ 26ಕ್ಕೆ.

ಶನಿವಾರಸಂತೆ:
'ಕೂರ್ಗ್ ರೆಜಿಮೆಂಟ್' ಎಂಬ ಮಾತಿನ ಹಿಂದೆ ಹೋಗಿ ಕೆಟ್ಟವರು ಬಹಳ ಜನ. ಅದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿ ಕಲೆತಿವೆ.

71ನೇ ಕೂರ್ಗ್ ರೈಫಲ್ಸ್: ಹಳೇ 11ನೇ ಮದ್ರಾಸ್ ಇನ್‌ಫೆಂಟ್ರಿಯನ್ನು ಕೊಡವರ ದಳ ಮಾಡಲು ಹೊರಟು ಇಟ್ಟ ಹೆಸರು. ಅಷ್ಟು ಚಿಕ್ಕ ನಾಡಿನಿಂದ ಬೇಕಾದಷ್ಟು ಜನ ಸಿಗದೆ 1904ರಲ್ಲೇ ಮುಚ್ಚಿದರು. 1917ರಲ್ಲಿ ಅದೇ 71ರ ಸಂಖ್ಯೆಯನ್ನು ಪಂಜಾಬಿನ ಕ್ರೈಸ್ತರ ದಳಕ್ಕೆ ಕೊಟ್ಟರು, ಅದು 71ನೇ ಪಂಜಾಬೀಸ್. ಮೊದಲ ಮಹಾಯುದ್ಧದ ಪಟ್ಟಿಯಲ್ಲಿ 71 ಕಂಡೊಡನೆ ನಮ್ಮವರೆಂದು ಹಿಗ್ಗಬೇಡಿ.

ಕೂರ್ಗ್ ಆ್ಯಂಡ್ ಮೈಸೂರ್ ರೈಫಲ್ಸ್: ಇದು ಯುರೋಪಿಯನ್ ತೋಟಗಾರರ ಸ್ವಯಂಸೇವಕ ದಳ.

ಕೂರ್ಗ್ ಬೆಟಾಲಿಯನ್: ಫೈರಿಂಗ್‌ಪಿನ್ ಹೇಳಿದ 1942ರದ್ದು. ಯುದ್ಧ ಮುಗಿದ ಮೇಲೆ ಅದನ್ನು ಟ್ಯಾಂಕ್ ನಿರೋಧಕ ತೋಪುಪಡೆಯಾಗಿ ಮಾರ್ಪಡಿಸಿ 37ನೇ ಕೂರ್ಗ್ ಆ್ಯಂಟಿ ಟ್ಯಾಂಕ್ ರೆಜಿಮೆಂಟ್ ಮಾಡಿದರು. ಕಾಲಾಳುವಾಗಿ ಸೇರಿದವನು ಗನ್ನರ್ ಆಗಿ ನಿವೃತ್ತನಾಗಿರುವುದು ಹೀಗೆ. ಮನೆಯವರು 'ರೆಜಿಮೆಂಟ್' ಎಂದಾಗ ವೆಲ್ಲಿಂಗ್ಟನ್ನಿಗೆ ಬರೆದು, ಅಲ್ಲಿಂದ 'ನಮ್ಮಲ್ಲಿಲ್ಲ' ಎಂಬ ಉತ್ತರ ಬಂದು, ಅಲ್ಲಿಗೇ ಕೈಬಿಟ್ಟವರಿದ್ದಾರೆ. ಅವರ ಕಡತ ನಾಸಿಕ್‌ನಲ್ಲಿ ಇರುತ್ತದೆ.

ಇನ್ನು 1914-18ರವರು. ಮದ್ರಾಸ್ ದಳಗಳನ್ನು 1922ರಲ್ಲಿ 3ನೇ ಮದ್ರಾಸ್ ರೆಜಿಮೆಂಟಾಗಿ ಸೇರಿಸಿ 1928ರೊಳಗೆ ಅದನ್ನೂ ವಿಸರ್ಜಿಸಿದರು. ಮದ್ರಾಸ್ ಪಯೊನಿಯರ್ಸ್ ಹೋದದ್ದು 1933ರಲ್ಲಿ. ಈಗಿನ ಮದ್ರಾಸ್ ರೆಜಿಮೆಂಟ್ ಎರಡನೇ ಮಹಾಯುದ್ಧದ ಹೊತ್ತಿಗೆ ಮತ್ತೆ ಎದ್ದದ್ದು. ಹಾಗಾಗಿ ಮೊದಲ ಯುದ್ಧದ ಸಿಪಾಯಿಯ ವಿಷಯದಲ್ಲಿ ಪದಕ, ಪಿಂಚಣಿ ಕಾಗದ, ಸತ್ತಿದ್ದರೆ ಸ್ಮಾರಕದ ಹೆಸರು, ಈ ಮೂರೇ ಆಸರೆ. ಅಂತರ್ಜಾಲದಲ್ಲಿರುವ ದೊಡ್ಡ ಪಂಜಾಬ್ ರಿಜಿಸ್ಟರುಗಳಲ್ಲಿ ಪಂಜಾಬಿನ ಹಳ್ಳಿಗಳಷ್ಟೇ ಇವೆ. ಬಾಂಬ್ ಬಿದ್ದು ಸುಟ್ಟ ಲಂಡನ್ನಿನ 'ಬರ್ನ್ಟ್ ರೆಕಾರ್ಡ್ಸ್' ಬ್ರಿಟಿಷ್ ಸೈನಿಕರದ್ದು. ಎರಡಕ್ಕೂ ದುಡ್ಡು ಕಟ್ಟಬೇಡಿ.

ಬಾಳೆಲೆ ಮೊಮ್ಮಗ:
ಟಾರ್ಚ್ ಹಿಡಿದು ನೋಡಿದೆ. ಮಡಿಕೆಯಲ್ಲಿ 'ಸರ್ವಿಸ್ ಎಲಿಮೆಂಟ್' ಎಂದೇ ಇದೆ, ಅದರ ಕೆಳಗಿನ ಸಾಲು ಡಿ-ಐ-ಎಸ್ ಎಂದು ಶುರುವಾಗಿ ಹರಿದುಹೋಗಿದೆ. ಪದಕದ ಅಂಚಿನಲ್ಲಿ ಸಂಖ್ಯೆ ಪೂರ್ತಿ ಸಿಕ್ಕಿತು, ನಂತರ ಜಿ.ಎನ್.ಆರ್., ಹೆಸರಿನ ಮೊದಲ ನಾಲ್ಕು ಅಕ್ಷರ, ಕೊನೆಯಲ್ಲಿ ಆರ್. ಐ. ಎಂದಷ್ಟೇ ಇದೆ. ಅಂದರೆ ನಾಸಿಕ್ ಅಲ್ಲವೇ?

ಫೈರಿಂಗ್‌ಪಿನ್:
ನಾಸಿಕ್ಕೇ. ಅಂಗವೈಕಲ್ಯ ಪಿಂಚಣಿ ಎಂಬುದೂ ಖಚಿತವಾಯಿತು. ಇದು ಹುಡುಕುವವರಿಗೆ ಅನುಕೂಲ. ಸೇವೆಯಿಂದ ಬಿಡಿಸುವ ಮುಂಚೆ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ ಎಂಬ ವೈದ್ಯರ ಮಂಡಳಿ ಕೂತಿರುತ್ತದೆ. ಗಾಯ ಅಥವಾ ಕಾಯಿಲೆ ಎಲ್ಲಿ, ಯಾವಾಗ, ಯಾವ ಕೆಲಸದಲ್ಲಿದ್ದಾಗ ಆಯಿತು ಎಂಬುದನ್ನು ಅದರಲ್ಲಿ ಬರೆಯಲೇಬೇಕು. ಪಿಂಚಣಿ ಕೊಡಲು ಅದು ಸೇವೆಯಿಂದಲೇ ಬಂದದ್ದೋ ಎಂದು ತೀರ್ಮಾನಿಸಬೇಕಲ್ಲ. ಕನಿಷ್ಠ 20 ಶೇಕಡಾ ವೈಕಲ್ಯ ಇದ್ದರೆ ಡಿಸೆಬಿಲಿಟಿ ಎಲಿಮೆಂಟ್. ಆಗೆಲ್ಲ ಆಮೇಲೆ ಮರುಪರೀಕ್ಷೆಯ ಬೋರ್ಡುಗಳೂ ಕೂರುತ್ತಿದ್ದವು. ಅದರಲ್ಲಿ 20ಕ್ಕಿಂತ ಇಳಿದರೆ ಆ ಭಾಗ ನಿಲ್ಲುತ್ತಿತ್ತು, ಸರ್ವಿಸ್ ಎಲಿಮೆಂಟ್ ನಡೆಯುತ್ತಿತ್ತು. ಹಾಗಾಗಿ ಮೊತ್ತ ನಡುವೆ ಇಳಿದಿದ್ದರೆ ಅದು ತಪ್ಪು ಬರಹವಲ್ಲ. ಪತ್ರದಲ್ಲಿ ಮೆಡಿಕಲ್ ಬೋರ್ಡ್ ನಡಾವಳಿಯನ್ನು ಹೆಸರಿಸಿ ಕೇಳಿ, ಇಲ್ಲದಿದ್ದರೆ ಬರೀ ಸೇರಿದ ದಿನ, ಬಿಟ್ಟ ದಿನ ಬರೆದು ಕಳಿಸುತ್ತಾರೆ.

ಸಂಪಾಜೆ ಘಾಟಿ:
ನನ್ನ ಅಭಿಪ್ರಾಯ ಬೇರೆ. ಮೊದಲು ಪ್ರಯಾಗ್‌ರಾಜಿನ ಪಿ.ಸಿ.ಡಿ.ಎ. (ರಕ್ಷಣಾ ಲೆಕ್ಕಪತ್ರ) ಪಿಂಚಣಿ ಕಚೇರಿಗೆ ಬರೆಯಿರಿ. ಪಿ.ಪಿ.ಒ. ಹೊರಡಿಸುವವರು ಅವರೇ, ಅವರ ಕಡತದಲ್ಲಿ ಸೇವೆಯ ಸಾರಾಂಶ ಇದ್ದೇ ಇರುತ್ತದೆ.

ಹಳೇಕಡತ:
ಪಿ.ಪಿ.ಒ. ನಂಬರ್ ಪೂರ್ತಿ ಇದ್ದವರಿಗೆ ನಿಮ್ಮ ಮಾತು ಸರಿ. ಇವರ ಹಾಳೆಯಲ್ಲಿ ಅದು ಹರಿದಿದೆ ಎಂದು ಕಾಣುತ್ತದೆ. ಸೇವಾ ಸಂಖ್ಯೆ ಇರುವವರು ಮೊದಲು ಆಯಾ ದಳದ ರೆಕಾರ್ಡ್ ಆಫೀಸಿಗೇ ಹೋಗಬೇಕು. ಪ್ರಯಾಗ್‌ರಾಜ್‌ಗೆ ಪಿಂಚಣಿಯ ಪ್ರಸ್ತಾವ ಹೋಗಿದ್ದೇ ಅಲ್ಲಿಂದ. ಪ್ರಯಾಗ್‌ರಾಜಿನವರು ಹಣದ ಲೆಕ್ಕದವರು, ಮನುಷ್ಯನ ಸೇವೆ ಅವರಿಗೆ ಎರಡು ಸಾಲು. ನಂತರದ ಪಿ.ಪಿ.ಒ.ಗಳಲ್ಲಿ ಸಂಖ್ಯೆಯ ಮುಂದಿನ ಅಕ್ಷರವೇ ಬಗೆ ಹೇಳುತ್ತದೆ: ಎಸ್ ಸರ್ವಿಸ್, ಡಿ ಡಿಸೆಬಿಲಿಟಿ, ಎಫ್ ಫ್ಯಾಮಿಲಿ. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ಅವರ ಎಫ್ ಕಾಗದ, ಬ್ಯಾಂಕ್ ಪಾಸ್‌ಬುಕ್ಕು ಹುಡುಕಿ, ಅಜ್ಜನ ಸೇವಾ ಸಂಖ್ಯೆ ಅದರಲ್ಲಿ ಮತ್ತೆ ಬಂದಿರುತ್ತದೆ. ಪಿ.ಪಿ.ಒ.ಗೆ ಎರಡು ಪ್ರತಿ ಇತ್ತು ಎಂಬುದೂ ನೆನಪಿರಲಿ: ಒಂದು ಪಿಂಚಣಿದಾರನ ಕೈಗೆ, ಇನ್ನೊಂದು ಹಣ ಕೊಡುವ ಕಚೇರಿಗೆ.

ರೆಕಾರ್ಡ್ ಆಫೀಸಿನಲ್ಲಿ ಕೇಳಬೇಕಾದ ಎರಡು ಕಾಗದ: ಶೀಟ್ ರೋಲ್ ಮತ್ತು ಲಾಂಗ್ ರೋಲ್. ಶೀಟ್ ರೋಲ್ ಎಂದರೆ ಒಬ್ಬನ ಪೂರ್ತಿ ಕಡತ. ಊರು, ತಂದೆ, ಎತ್ತರ, ಗುರುತಿನ ಮಚ್ಚೆ, ವರ್ಗಾವಣೆ, ಶಿಕ್ಷೆ, ರಜೆ, ವಾರಸುದಾರ. ಲಾಂಗ್ ರೋಲ್ ದಳದ ದೊಡ್ಡ ರಿಜಿಸ್ಟರು, ಒಬ್ಬರಿಗೆ ಒಂದೆರಡು ಸಾಲು. ಸೇನಾ ನಿಯಮಾವಳಿಯ 595ನೇ ಪ್ಯಾರಾ ಪ್ರಕಾರ ಪಿಂಚಣಿ ಇಲ್ಲದೆ ಹೋದವರ ಸೇವಾ ಕಾಗದಗಳನ್ನು 25 ವರ್ಷ ಇಟ್ಟು ನಾಶ ಮಾಡುತ್ತಾರೆ. ಎರಡನೇ ಯುದ್ಧಕ್ಕೆ ಸೇರಿ 1946ರ ಸುಮಾರಿಗೆ ಗ್ರಾಚ್ಯುಟಿ ಪಡೆದು ಊರಿಗೆ ಬಂದ ನಮ್ಮ ಜಿಲ್ಲೆಯ ಬಹಳಷ್ಟು ಜನರ ಕಡತ ಹೋಗಿರುವುದು ಇದೇ ಕಾರಣಕ್ಕೆ. ಅವರಿಗೆ ಪಿ.ಪಿ.ಒ. ಇರಲೇ ಇಲ್ಲ, ಪ್ರಯಾಗ್‌ರಾಜಿನಲ್ಲಿ ಎಷ್ಟು ಹುಡುಕಿಸಿದರೂ ಬರುವುದಿಲ್ಲ. 'ದಾಖಲೆ ನಾಶವಾಗಿದೆ' ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡದೆ 'ಲಾಂಗ್ ರೋಲ್ ನಮೂದಿನ ಪ್ರತಿ ಕೊಡಿ' ಎಂದು ಎರಡನೇ ಪತ್ರ ಹಾಕಬೇಕು.

ಶನಿವಾರಸಂತೆ:
ಹಾಗೆ ಪಿಂಚಣಿ ಇಲ್ಲದೆ ಬಂದವರ ವಿಷಯದಲ್ಲಿ ಡಿಸ್ಚಾರ್ಜ್ ಪುಸ್ತಕ ಸಿಕ್ಕಿದರೆ 'ಬಿಡುಗಡೆಯ ಕಾರಣ' ಎಂಬ ಸಾಲನ್ನು ಮೊದಲು ಓದಿ. ಸೇನೆ ಕಡಿತ, ಸ್ವಂತ ಕೋರಿಕೆ ಎಂದಿದ್ದರೆ ಪಿಂಚಣಿ ಹುಡುಕುವುದು ವ್ಯರ್ಥ. ಅವಧಿ ಪೂರೈಕೆ, ವೈದ್ಯಕೀಯ ಅನರ್ಹತೆ ಎಂದಿದ್ದರೆ ಹುಡುಕಿ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಪಿಂಚಣಿ ಇಲ್ಲದ ಎರಡನೇ ಯುದ್ಧದ ಯೋಧರಿಗೆ, ಅವರ ಪತ್ನಿಯರಿಗೆ ಕೊಡುವ ರಾಜ್ಯದ ನೆರವಿಗೆ ಯಾವತ್ತಾದರೂ ಅರ್ಜಿ ಹಾಕಿದ್ದರೆ ಡಿಸ್ಚಾರ್ಜ್ ಪುಸ್ತಕದ ನಕಲು ಆ ಅರ್ಜಿಯೊಳಗೆ ಇರುತ್ತದೆ.

ಕಕ್ಕಬ್ಬೆ ಜೇನು:
ಹೆಸರಿನ ವಿಷಯ ಯಾರೂ ಎತ್ತಲಿಲ್ಲ. ಕೊಡವ ಹೆಸರಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ನಡುವೆ ತಂದೆಯದು, ಕೊನೆಯಲ್ಲಿ ತನ್ನದು. ಫೀಲ್ಡ್ ಮಾರ್ಷಲ್ ಕೊಡಂದೆರ ಮಾದಪ್ಪ ಕಾರ್ಯಪ್ಪ ಅವರದ್ದೇ ನೋಡಿ. ಸಿಪಾಯಿ ದರ್ಜೆಯ ಕಾಗದದಲ್ಲಿ ಒಕ್ಕದ ಹೆಸರು ಬಹಳ ಸಲ ಬಿಟ್ಟೇ ಹೋಗಿರುತ್ತದೆ, ಇದ್ದರೂ ಬಾಲ ಕತ್ತರಿಸಿರುತ್ತದೆ. ಬರೆದುಕೊಂಡವನು ಕೊಡಗಿನವನಲ್ಲ, ಕಿವಿಗೆ ಬಿದ್ದಂತೆ ಬರೆದ. ಕುಶಾಲಪ್ಪ ಎಂಬುದು ಇಂಗ್ಲಿಷಿನ 'ಕೆ'ಯಲ್ಲೂ ಬರುತ್ತದೆ, 'ಸಿ'ಯಲ್ಲೂ ಬರುತ್ತದೆ. ತಿಮ್ಮಯ್ಯನಲ್ಲಿ ಒಂದೇ 'ಎಂ', ಉತ್ತಪ್ಪನಲ್ಲಿ 'ಎಚ್' ಇದ್ದೂ ಇಲ್ಲದೆಯೂ. ಪತ್ರದಲ್ಲಿ ಮೂರ‍್ನಾಲ್ಕು ಕಾಗುಣಿತ ಕೊಡಿ.

ಊರಿಗೂ ಇದೇ ಪಾಡು. ಹಳೇ ತಾಲ್ಲೂಕು ಹೆಸರು ಬರೆಯಿರಿ: ಬಾಳೆಲೆ ಆದರೆ ಕಿಗ್ಗಟ್ಟುನಾಡು, ನಾಪೋಕ್ಲು ಕಡೆ ಪಾಡಿನಾಲ್ಕುನಾಡು, ವಿರಾಜಪೇಟೆ ಕಡೆ ಯಡೆನಾಲ್ಕುನಾಡು. ಕುಶಾಲನಗರ ಹಳೇ ಕಾಗದದಲ್ಲಿ ಫ್ರೇಸರ್‌ಪೇಟೆ. ಅರೆಭಾಷೆ ಗೌಡರ ಮನೆಗಳವರೂ ಮನೆತನದ ಹೆಸರನ್ನು ಪ್ರತ್ಯೇಕ ಸಾಲಿನಲ್ಲೇ ಬರೆದರೆ ಒಳ್ಳೆಯದು. ಜಾತಿಯ ಕಾಲಮ್ಮಿನಲ್ಲಿ 'ಕೂರ್ಗ್' ಎಂದಿದೆಯೋ 'ಗೌಡ' ಎಂದಿದೆಯೋ ಎಂಬುದು ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುತ್ತದೆ.

ಬಾಳೆಲೆ ಮೊಮ್ಮಗ:
ಮೊಮ್ಮಗನಿಗೆ ಕೊಡುತ್ತಾರೆಯೇ? ಮೂರನೆಯವರ ವೈಯಕ್ತಿಕ ಮಾಹಿತಿ ಎನ್ನುವುದಿಲ್ಲವೇ?

ಸಂಪಾಜೆ ಘಾಟಿ:
ಮೊದಲು ಸಾದಾ ಪತ್ರ ಹಾಕಿ, ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಜೊತೆಗಿಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಆನ್‌ಲೈನ್ ಪೋರ್ಟಲಿನಲ್ಲಿ 10 ರೂಪಾಯಿ, 30 ದಿನದಲ್ಲಿ ಉತ್ತರ, ತಪ್ಪಿದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಸೇನೆಗೆ ಒಂದು ಅರ್ಜಿ, ಪ್ರಯಾಗ್‌ರಾಜ್‌ಗೆ ಬೇರೆ ಅರ್ಜಿ. ಅವೆರಡೂ ಬೇರೆ ಇಲಾಖೆ, ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅರ್ಧ ಉತ್ತರ ಬರುತ್ತದೆ.

'ವೈಯಕ್ತಿಕ ಮಾಹಿತಿ' ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಹೇಳಿ ತಳ್ಳಿದರೆ, ಮೇಲ್ಮನವಿಯಲ್ಲಿ 8(3) ಬರೆಯಿರಿ. 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಯ ಮಾಹಿತಿಯನ್ನು ಕೊಡಲೇಬೇಕು; ಎ, ಸಿ, ಐ ಎಂಬ ಮೂರು ಖಂಡಗಳಿಗೆ ಮಾತ್ರ ವಿನಾಯಿತಿ, ಜೆ ಅದರಲ್ಲಿಲ್ಲ. 'ಯಾಕೆ', 'ಹೇಗೆ' ಎಂದು ಪ್ರಶ್ನೆ ಕೇಳಬೇಡಿ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ.

ಫೈರಿಂಗ್‌ಪಿನ್:
ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಯುದ್ಧದಲ್ಲೇ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ ಮೊದಲು, ಉಚಿತ. ಮೊದಲ ಯುದ್ಧದ ಮೆಸೊಪೊಟೇಮಿಯಾದವರು ಬಸ್ರಾ ಸ್ಮಾರಕದಲ್ಲಿ, ಎರಡನೇ ಯುದ್ಧದ ಬರ್ಮಾದವರು ರಂಗೂನ್ ಸ್ಮಾರಕದಲ್ಲಿ, ಮಲಯದವರು ಸಿಂಗಾಪುರ ಸ್ಮಾರಕದಲ್ಲಿ. ಅಲ್ಲಿ ಹೆಸರಿನ ಬದಲು ದಳ ಹಾಕಿ ಸೋಸಿದರೆ ಬೇಗ ಸಿಗುತ್ತದೆ, ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು ಕೂಡ ಇದೆ. ಸಿಂಗಾಪುರದಲ್ಲಿ ಸೆರೆಸಿಕ್ಕು ಐ.ಎನ್.ಎ. (ಆಜಾದ್ ಹಿಂದ್ ಫೌಜ್) ಸೇರಿದವರಾದರೆ ಸೇನಾ ಪಿಂಚಣಿ ಬಿಟ್ಟು ಗೃಹ ಸಚಿವಾಲಯದ ಸ್ವಾತಂತ್ರ್ಯ ಯೋಧರ ಪಿಂಚಣಿ ನೋಡಿ, ಆ ಯೋಜನೆ 1972ರದ್ದು. ಅಧಿಕಾರಿಗಳಾದರೆ ದಾರಿಯೇ ಬೇರೆ: ಅಚ್ಚಾದ ಇಂಡಿಯನ್ ಆರ್ಮಿ ಲಿಸ್ಟ್. ಸುಬೇದಾರ್, ಜಮಾದಾರರ ಹೆಸರೂ ಅದರಲ್ಲಿ ದಳವಾರು ಇರುತ್ತದೆ.

ಹಳೇಕಡತ:
ಬಾಳೆಲೆ ಸರ್, ಪತ್ರವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಂದೇ ಪುಟಕ್ಕೆ ನಿಲ್ಲಿಸಿ. ವಿಷಯದ ಸಾಲಿನಲ್ಲೇ ಸೇವಾ ಸಂಖ್ಯೆ, ರ‍್ಯಾಂಕ್, ಹೆಸರು, ದಳ. ನಂತರ: ಪದಕದ ಅಂಚಿನಿಂದ ಓದಿದ ಸಂಖ್ಯೆ ಎಂದು ಸ್ಪಷ್ಟವಾಗಿ ಹೇಳಿ, ಅನುಮಾನ ಇರುವ ಅಂಕಿ ಯಾವುದೆಂದೂ ಹೇಳಿ. 3 ಮತ್ತು 8, 1 ಮತ್ತು 7 ಅಂಚಿನಲ್ಲಿ ಒಂದೇ ಥರ ಕಾಣುತ್ತವೆ. ಒಂದು ಅಂಕಿ ತಪ್ಪಿದರೆ ಬೇರೆ ಯಾರದೋ ಕಡತ ಬರುತ್ತದೆ, ತಂದೆಯ ಹೆಸರಿನಿಂದ ಮಾತ್ರ ಗೊತ್ತಾಗುತ್ತದೆ. ತಂದೆಯ ಹೆಸರು, ಗ್ರಾಮ, ಕಿಗ್ಗಟ್ಟುನಾಡು ತಾಲ್ಲೂಕು, ಅಂಚೆ ಪೊನ್ನಂಪೇಟೆಯೋ ಬೇರೆಯೋ ಅದು. 1955ರಲ್ಲಿ ಮರ್ಕೇರಾ ಖಜಾನೆಯಿಂದ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದರು ಎಂಬ ಸಾಲು. ಕೋರಿಕೆ ಮೂರು: ಶೀಟ್ ರೋಲ್, ಮೆಡಿಕಲ್ ಬೋರ್ಡ್ ನಡಾವಳಿ, ಇವಿಲ್ಲದಿದ್ದರೆ ಲಾಂಗ್ ರೋಲ್ ನಮೂದು. ಹಾಳೆಯ ಎರಡೂ ಬದಿಯ ನಕಲು, ಅಂಚಿನ ಪೆನ್ಸಿಲ್ ಪಡಿಯಚ್ಚಿನ ಫೋಟೋ ಲಗತ್ತಿಸಿ. ಮೂಲ ಪ್ರತಿ ಯಾವ ಕಾರಣಕ್ಕೂ ಕಳಿಸಬೇಡಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ.

ಬಾಳೆಲೆ ಮೊಮ್ಮಗ:
ಪಡಿಯಚ್ಚನ್ನು ಮತ್ತೊಮ್ಮೆ ನೋಡಿದೆ. ನಾಲ್ಕನೇ ಅಂಕಿ 3 ಎಂದುಕೊಂಡಿದ್ದೆ, ಎಡಭಾಗದಲ್ಲಿ ಸಣ್ಣ ಗೀರು ಇದೆ, 8 ಇರಬಹುದು. ಎರಡೂ ಬರೆಯಲೇ?

ಹಳೇಕಡತ:
ಎರಡೂ ಬರೆಯಿರಿ, ಮೊದಲು 8.